ಜಟ್ಟಪ್ಪನ ಹಾದಿ ಮುಚ್ಚಿದ್ದು

ಒಂದು ಹಾದಿ ತೆರೆದಿರಬೇಕಾದರೆ ಮನೆಯವರು ಕೊಡಬೇಕಾದದ್ದು ಇಷ್ಟು. ಎರಡು ಹೊತ್ತೂ ಒಂದು ತಟ್ಟೆ ಅನ್ನ, ಮೇಲೊಂದು ತುಂಡು ಮೀನು. ಆ ತಟ್ಟೆಯಲ್ಲಿ ಬೇರೆ ಯಾರೂ ಉಣ್ಣಬಾರದು. ಗೋಡೆಗೆ ಒರಗಿಸಿಟ್ಟ ಒಂದು ಚಾಪೆ, ಗೂಟದ ಮೇಲೆ ಒಗೆದು ಮಡಚಿದ ಒಂದು ಲುಂಗಿ. ಚಿಲಕ ಹಾಕದ ಬಾಗಿಲು, ಅಂದರೆ ನಾಯಿ ನುಗ್ಗಿ ತಟ್ಟೆ ನೆಕ್ಕಿದರೂ ಮತ್ತೊಮ್ಮೆ ಬಡಿಸುವ ತಾಳ್ಮೆ. ಇದರಲ್ಲಿ ಹೆಚ್ಚಿನದನ್ನು ಊರು ಹಂಚಿಕೊಳ್ಳುತ್ತದೆ. ಅಕ್ಕಿ ಎಲ್ಲರ ಮನೆಯದು, ಮೀನು ಬಂದ ದೋಣಿಯದು, ಮಳೆಗಾಲಕ್ಕೆ ಮೊದಲು ಮನೆಯ ಮಾಡಿಗೆ ಸೋಗೆ ಹೊದಿಸುವವರು ನಾವೇ ಗಂಡಸರು. ಊರು ಕೊಡಲಾಗದ್ದು ಒಂದೇ. ಅಂಗಳದಲ್ಲಿ ಹೆಜ್ಜೆ ಸಪ್ಪಳವಾದಾಗ ಒಳಗಿನ ಒಂದು ಜೀವ ಕೆಲಸ ಬಿಟ್ಟು ತಲೆಯೆತ್ತಿ ಬಾಗಿಲ ಕಡೆ ನೋಡಬೇಕು. ಅದನ್ನು ಯಾರೂ ಯಾರಿಗೂ ತಂದುಕೊಡಲಾಗುವುದಿಲ್ಲ.

ನಮ್ಮ ಊರಿನ ಮುಂದೆ ಕಡಲಿಗೆ ಆಳವಿಲ್ಲ. ಇಳಿತದಲ್ಲಿ ನೀರು ಕಣ್ಣಿಗೆ ಕಾಣದಷ್ಟು ದೂರ ಸರಿಯುತ್ತದೆ. ಉಳಿಯುವುದು ಪಾದ ಮುಳುಗುವ ನೀರು, ಅದರಡಿ ಮರಳು, ಮರಳಿನಡಿ ಕೆಸರು. ಆಗ ದೋಣಿ ಹೋಗಿ ಬರುವುದು ಕಡಲು ಕೊಂಡುಹೋದವರ ಹಾದಿಯಲ್ಲಿ ಮಾತ್ರ. ಯಾರ ಹೆಣ ಸಿಗಲಿಲ್ಲವೋ, ಯಾರನ್ನು ಮನೆಯಲ್ಲಿ ಇನ್ನೂ ಕಾಯುತ್ತಾರೋ, ಅವರ ಹೆಸರಿನ ಒಂದು ಹಾದಿ ಕಾಯುವವರ ಅಂಗಳದ ಕೆಳಗಿನಿಂದ ಹೊರಟು, ಮರಳನ್ನು ಸೀಳಿಕೊಂಡು, ಹೊಳೆ ಕಡಲು ಸೇರುವ ಅಳಿವೆ ಬಾಯಿಯವರೆಗೆ ಆಳವಾಗಿ ಹೋಗುತ್ತದೆ. ಕಾಯುವವರು ತೀರಿಕೊಂಡರೆ ಅಥವಾ ಕಾಯುವುದನ್ನು ಬಿಟ್ಟರೆ ಮರಳು ತುಂಬುತ್ತದೆ. ನಾನು ಹುಡುಗನಾಗಿದ್ದಾಗ ಹಲವು ಹಾದಿಗಳಿದ್ದವು. ಈಗ ಇದ್ದದ್ದು ಒಂದೇ, ಜಟ್ಟಪ್ಪನದು.

ಹಾದಿಗೆ ಆಯಾ ಮನುಷ್ಯನ ನಡಿಗೆಯೇ ಬರುತ್ತದೆ. ಜಟ್ಟಪ್ಪ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಅವನ ಹಾದಿಯೂ ಹಾಗೇ, ನೆಟ್ಟಗೆ ಹೋಗುತ್ತಾ ಹೋಗುತ್ತಾ ಎಡಕ್ಕೆ ವಾಲುತ್ತದೆ. ಅಳಿವೆಯ ಹತ್ತಿರ ಮೊಣಕೈಯಂತೆ ಎಡಕ್ಕೇ ಒಂದು ತಿರುವು. ಹೋಗುವಾಗಲೂ ಬರುವಾಗಲೂ ನಾವು ಎಡ ಬಲ ಹೇಳುವುದು ದಡದಿಂದ ಕಡಲು ನೋಡಿಯೇ. ಅಲ್ಲಿ ಗೊತ್ತಿಲ್ಲದವನು ನೇರ ಹೋದರೆ ದಿಬ್ಬ ಹತ್ತುತ್ತಾನೆ. ನನ್ನ ಕೆಲಸ, ಚಿಕ್ಕ ದೋಣಿಯಲ್ಲಿ ಬಿದಿರಿನ ಜಲ್ಲೆ ಹಿಡಿದು ಮುಂದೆ ಹೋಗುವುದು. ಉಳಿದ ದೋಣಿಗಳು ಮಶೀನು ಬಂದ್ ಮಾಡಿಕೊಂಡು ನನ್ನ ಹಿಂದೆ ಬರುತ್ತವೆ. ಮೀನಿನ ಲಾರಿ ಉಬ್ಬರ ಇಳಿತ ನೋಡಿಕೊಂಡು ಬರುವುದಿಲ್ಲ, ಅದಕ್ಕೆ ಅದರದೇ ಹೊತ್ತು. ಅಷ್ಟರೊಳಗೆ ದಡ ಸೇರದ ಮೀನು ಗೊಬ್ಬರ. ಅದಕ್ಕೇ ಇಳಿತದಲ್ಲಿ ಹಾದಿ ಬೇಕು.

ಕಡಲು ಓದುವುದು ದೊಡ್ಡ ವಿದ್ಯೆಯೇನಲ್ಲ. ಎಣ್ಣೆ ಚೆಲ್ಲಿದಂತೆ ನುಣ್ಣಗಿರುವ ನೀರು ಆಳ, ಸುಕ್ಕುಗಟ್ಟಿದ್ದು ತೆಳು. ಬೆಳ್ಳಕ್ಕಿ ನಿಂತ ಕಡೆ ದೋಣಿ ತಿರುಗಿಸಬಾರದು. ಉಳಿದದ್ದನ್ನು ಜಲ್ಲೆ ಹೇಳುತ್ತದೆ. ಮರಳಾದರೆ ಗರಗರ ಎನ್ನುತ್ತದೆ, ಕೆಸರಾದರೆ ಹಿಡಿದುಕೊಂಡು ಬಿಡುವುದಿಲ್ಲ. ಜಟ್ಟಪ್ಪನ ಹಾದಿಯಲ್ಲಿ ಮೊದಮೊದಲು ಹಿಡಿದ ಕೈ ಮುಳುಗುವವರೆಗೆ ಜಲ್ಲೆ ಇಳಿಸಿದರೂ ತಳ ಸಿಗುತ್ತಿರಲಿಲ್ಲ. ಅವನ ಹೆಂಡತಿ ಬಾಗಿ ಆಗ ಅಂಗಳದಲ್ಲಿ ತೆಂಗಿನ ಗರಿ ಬಿದ್ದರೂ ಓಡಿ ಬರುತ್ತಿದ್ದಳು.

ಆಮೇಲೆ ಹಾದಿಯ ಆಳ ನನ್ನ ಎದೆಮಟ್ಟಕ್ಕೆ ಇಳಿಯಿತು. ಕಳೆದ ಮಳೆಗಾಲ ಮುಗಿದು ದೋಣಿ ಇಳಿಸಿದಾಗ ಸೊಂಟಕ್ಕೆ. ನಾನು ಯಾರಿಗೂ ಹೇಳಲಿಲ್ಲ. ಒಬ್ಬ ಹೆಣ್ಣುಮಗಳ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ಅವಳಿಗಿಂತ ಮೊದಲು ಪರಗಂಡಸಿನ ಜಲ್ಲೆಗೆ ತಿಳಿಯುವುದು ನನಗೆ ಸರಿ ಕಾಣುತ್ತಿರಲಿಲ್ಲ. ತಿರುವಿನ ಹತ್ತಿರ ದೋಣಿಗಳನ್ನು ಒಂದೊಂದಾಗಿ ದಾಟಿಸಲು ಶುರುಮಾಡಿದೆ. ಯಾಕೆ ಅಂತ ಕೇಳಿದವರಿಗೆ ಬೆನ್ನು ನೋವು ಅಂದೆ.

ಒಂದು ಮಧ್ಯಾಹ್ನ ಬಲೆ ನೇಯುವ ಚಪ್ಪರದ ಹಿಂದಿನಿಂದ ಬರುತ್ತಿದ್ದೆ. ಒಳಗೆ ಯಾರೋ ನಗುವುದು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುವ ನಗು. ಬಾಗಿಯದು. ಎದುರು ನನ್ನ ಮಗ ಹೊನ್ನಪ್ಪ ಬಲೆಯ ನೂಲು ಹಲ್ಲಿನಲ್ಲಿ ಕಚ್ಚಿಕೊಂಡು, ಏನೂ ಗೊತ್ತಿಲ್ಲದವನ ಮುಖ ಮಾಡಿ ಕೂತಿದ್ದ.

ಮರುದಿನ ದೋಣಿಯಲ್ಲಿ ನಾವಿಬ್ಬರೇ ಇದ್ದೆವು.

"ಹಾದಿ ತೆಳು ಆಗ್ತಾ ಉಂಟು," ಅಂದೆ.

"ನಿಮ್ಮ ಜಲ್ಲೆ ಬೆಳೀತಾ ಇರ್ಬೇಕು ಅಪ್ಪಯ್ಯ."

"ನಿನ್ನೆ ಅವಳಿಗೆ ಎಂತ ಹೇಳಿದ್ದು ನೀನು, ಅಷ್ಟು ನಗಾಡ್ಲಿಕ್ಕೆ?"

"ಕುಪ್ಪಜ್ಜನ ದೋಣಿ ವಿಷಯ. ಅವನಿಗೆ ಬಲೆ ಬೇಡ, ನೀರು ಹೇಗೂ ದೋಣಿಯೊಳಗೇ ಬರ್ತದೆ, ಮೀನೂ ಅದರೊಟ್ಟಿಗೇ ಬರ್ತದೆ ಅಂದೆ."

ಕುಪ್ಪಜ್ಜ ಅಂದರೆ ಕುಪ್ಪಯ್ಯ, ನಮ್ಮೂರಿನ ಅತಿ ಹಳೆಯ ಮನುಷ್ಯ. ಅವನ ದೋಣಿ ಅವನಿಗಿಂತ ಹಳೆಯದು. ಬಲೆ ಚಪ್ಪರದ ಹಿಂದೆ ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ನಡುವೆ ಯಾವಾಗಲೂ ಅರ್ಧ ಮುಳುಗಿಯೇ ಇರುತ್ತಿತ್ತು. "ನನ್ನದನ್ನು ದೋಣಿ ಅಂತ ಲೆಕ್ಕಕ್ಕೆ ಹಿಡಿಯೋರೇ ಇಲ್ಲ ಮಾರಾಯ" ಎಂದು ಅವನೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ.

"ಅಪ್ಪಯ್ಯ," ಹೊನ್ನಪ್ಪ ಅಂದ, "ಹಾದಿ ಯಾಕೆ ತೆಳು ಆಗ್ತಾ ಉಂಟು ಅಂತ ನನಗೂ ಗೊತ್ತುಂಟು. ಅವಳಿಗೂ ಗೊತ್ತುಂಟು. ಒಂದು ತಿಂಗಳು ನಾನು ಚಪ್ಪರಕ್ಕೆ ಹೋಗ್ಲಿಲ್ಲ. ಆಮೇಲೆ ತಡೀಲಿಕ್ಕೆ ಆಗ್ಲಿಲ್ಲ."

ನಾನು ಜಲ್ಲೆ ಊರಿದೆ. ಗರಗರ ಎಂದಿತು. ಬಾಗಿಯ ಮುಖದಲ್ಲಿ ಬಹಳ ಕಾಲದ ಮೇಲೆ ರಕ್ತದ ಕಳೆ ಕಾಣುತ್ತಿತ್ತು. ಅದನ್ನು ನೋಡಿ ಬೇಡ ಅನ್ನಲು ಕಲ್ಲಾಗಿರಬೇಕು.

ನನ್ನ ಹೆಂಡತಿ ಶೇಸಿ ಮೊದಲು ಸಿಟ್ಟಿನಲ್ಲಿ ಕುಣಿದಾಡಿದಳು. "ಊರಿಡೀ ಅವಳಿಗೆ ಅಕ್ಕಿ ಹಾಕಿದ್ದು ನಿಮ್ಮ ಮಗನ ಹತ್ತಿರ ಹಲ್ಲು ಬಿಡ್ಲಿಕ್ಕಾ? ಕೂತಲ್ಲಿ ಕೂತು ಕಾಯುದಕ್ಕೆ ಎಂತ ಕಷ್ಟ ಅವಳಿಗೆ?"

"ನೀನು ಒಂದು ದಿವಸ ಕೂತು ನೋಡು," ಅಂದೆ. ಅವಳು ಎದ್ದು ಒಳಗೆ ಹೋದಳು. ಆ ಮಾತನ್ನು ನಾನು ಆಡಬಾರದಿತ್ತು ಎಂದು ಈಗ ಅನಿಸುತ್ತದೆ.

ಮುಚ್ಚಿಡುವ ಹಾಗಿರಲಿಲ್ಲ. ಪಾಂಡುರಂಗನ ದೊಡ್ಡ ದೋಣಿ ತಿರುವಿನಲ್ಲಿ ತಳ ಉಜ್ಜಿ ನಿಂತಿತು, ಲಾರಿ ಹೊರಟುಹೋಯಿತು, ಅಷ್ಟೂ ಬಂಗುಡೆ ಬಿಸಿಲಲ್ಲಿ ಕೂತಿತು. ಆ ಸಂಜೆ ಗುರಿಕಾರ ಸೋಮಯ್ಯನ ಜಗಲಿಯಲ್ಲಿ ಊರು ಸೇರಿತು. ಗುರಿಕಾರ ಅಂದರೆ ನಮ್ಮಲ್ಲಿ ಹಿರಿತಲೆ, ಅವನ ಮಾತು ಕೊನೆಯ ಮಾತು. ಬಾಗಿಯನ್ನು ಕರೆಸಿದರು.

"ತಟ್ಟೆ ಇಡ್ತಾ ಇಲ್ವಾ ಮಗಾ?" ಸೋಮಯ್ಯ ಮೆತ್ತಗೆ ಕೇಳಿದ.

"ಎರಡು ಹೊತ್ತೂ ಇಡ್ತೇನೆ."

"ಬಾಗಿಲು?"

"ಚಿಲಕವನ್ನೇ ಕಿತ್ತು ಹಾಕಿದ್ದೇನೆ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಎಲ್ಲ ಮಾಡ್ತೇನೆ ಒಡೆಯಾ. ಆದರೆ ಯಾರಾದರೂ ಅಂಗಳಕ್ಕೆ ಬಂದರೆ ತಲೆ ಏಳುದಿಲ್ಲ. ನಮ್ಮನೆಯವರ ಮುಖ ನೆನಪು ಮಾಡ್ಕೊಳ್ಳಲಿಕ್ಕೆ ಕೂತರೆ ಅವರ ಕೆಮ್ಮು ಮಾತ್ರ ನೆನಪಾಗ್ತದೆ. ನಾನೆಂತ ಮಾಡುದು?"

ಯಾರೋ ಹಿಂದಿನಿಂದ, "ಹೊನ್ನಪ್ಪನ ಕೆಮ್ಮು ಚೆಂದ ಉಂಟಂತೆ," ಅಂದರು. ಕೆಲವರು ನಕ್ಕರು. ಪಾಂಡುರಂಗ ನಗಲಿಲ್ಲ. "ನಮ್ಮ ಮಕ್ಕಳು ಎಂತ ತಿನ್ನುದು?" ಎಂದು ಕೇಳಿದ. ಅದೂ ನ್ಯಾಯದ ಮಾತೇ.

ಆಗ ನಾನು ಎದ್ದು ಹೇಳಿದೆ: ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ಆಗ ಹೋಗೋಣ, ಆಗ ಬರೋಣ. ಲಾರಿ ಸಿಕ್ಕ ದಿನ ಸಿಕ್ಕಿತು, ಸಿಗದ ದಿನ ಒಣಗಿಸೋಣ. ಹೊಟ್ಟೆ ಸ್ವಲ್ಪ ಚಿಕ್ಕದಾಗುತ್ತದೆ. ಬದುಕಿದವಳನ್ನು ಹಾದಿಯ ಬಾಯಿಗೆ ಕಟ್ಟಿಹಾಕಿ ಎಷ್ಟು ದಿನ ಉಣ್ಣುವುದು?

"ಮಗನ ಮದುವೆಗೆ ಊರನ್ನು ಬಲಿ ಕೊಡ್ತೀಯಾ ದುಗ್ಗಣ್ಣ?" ಪಾಂಡುರಂಗ ಕೇಳಿದ. ಅದರಲ್ಲಿ ಅರ್ಧ ನಿಜವಿತ್ತು. ಸೋಮಯ್ಯ ಬಹಳ ಹೊತ್ತು ಎಲೆ ಅಡಿಕೆ ಅಗಿದ. ಕೊನೆಗೆ, "ಕಾಯುದು ಕೂಲಿ ಕೆಲಸ ಅಲ್ಲ. ಆಗುದಿಲ್ಲ ಅಂದ ಮೇಲೆ ಆಗುದಿಲ್ಲ. ಮದುವೆಯ ಹಿಂದಿನ ದಿನ ತಟ್ಟೆ ಮಣ್ಣಿಗಿಡಿ," ಅಂದ.

ತಟ್ಟೆ ಮಣ್ಣಿಗಿಡುವುದು ಅಂದರೆ ಹಾದಿಯನ್ನು ಬಿಟ್ಟುಕೊಡುವುದು. ತಟ್ಟೆಯನ್ನು ತೊಳೆದು, ಬೋರಲು ಮಾಡಿ, ಉಬ್ಬರದ ಗೆರೆಯಲ್ಲಿ ಹೂಳುತ್ತಾರೆ. ದೋಣಿ ಕಟ್ಟುವ ದಕ್ಕೆಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಮುಂದಿನ ಇಳಿತಕ್ಕೆ ಹಾದಿ ಇರುವುದಿಲ್ಲ. ಅದಕ್ಕೇ ಮೊದಲು ಮನೆಯ ಹೆಂಗಸರು ದಡದ ಮೇಲೆ ನಡೆದು ದೋಣಿ ಎಣಿಸುತ್ತಾರೆ. ಎಲ್ಲ ದೋಣಿ ಬಂದಿರಬೇಕು. ಎಣಿಸದೆ ಯಾರೂ ಹೂಳಿದ್ದಿಲ್ಲ.

ಶೇಸಿ ಆಮೇಲೆ ಬದಲಾದಳು. ಮದುವೆ ಹತ್ತಿರ ಬಂದ ಹಾಗೆ ಬಾಗಿಯ ತಲೆಗೆ ಎಣ್ಣೆ ಹಚ್ಚುವವಳೂ ಅವಳೇ, ಬಳೆ ಆರಿಸುವವಳೂ ಅವಳೇ. ಹೊನ್ನಪ್ಪನ ದೋಣಿಯನ್ನು ದಡಕ್ಕೆ ಎಳೆದು, ತಳ ಕೆರೆದು, ಗೇರೆಣ್ಣೆ ಬಳಿದು ಒಣಗಲು ಬಿಟ್ಟಿದ್ದೆವು. ಮದುಮಗನ ದೋಣಿಗೆ ಹಾಗೆ ಮಾಡುವುದು ಪದ್ಧತಿ.

ಮದುವೆಯ ಹಿಂದಿನ ದಿನ ನಾನು ನಮ್ಮ ಅಂಗಳದ ಚಪ್ಪರಕ್ಕೆ ಅಡಿಕೆಮರದ ಕಂಬ ತರಲು ಹೊಳೆಯ ಆಚೆ ಹೋಗಿದ್ದೆ. ಹೊನ್ನಪ್ಪ ಮನೆಯಲ್ಲೇ ಮಲಗಿದ್ದಾನೆ ಅಂದುಕೊಂಡಿದ್ದೆ. ಮದುಮಗ ಹಿಂದಿನ ದಿನ ಕಡಲಿಗಿಳಿಯುವುದಿಲ್ಲ. ಅವನು ಬೆಳಕು ಹರಿಯುವ ಮೊದಲೇ ಎದ್ದು, ಕುಪ್ಪಯ್ಯನನ್ನು ಎಬ್ಬಿಸಿ, ಆ ತೂತು ದೋಣಿಯನ್ನು ಕಾಂಡ್ಲಾ ಗಿಡಗಳ ನಡುವಿನಿಂದ ಎಳೆದುಕೊಂಡು ಹೋಗಿದ್ದ. ಬಾಗಿಗೆ ಕಾಣೆ ಮೀನೆಂದರೆ ಪ್ರಾಣ. ಊಟದ ಹೊತ್ತಿಗೆ ತಂದು ಎದುರಿಗಿಟ್ಟು ಅವಳ ಮುಖ ನೋಡಬೇಕಂತೆ. ಇದು ಕುಪ್ಪಯ್ಯ ಆಮೇಲೆ ಹೇಳಿದ್ದು.

ಬೆಳಿಗ್ಗೆ ಶೇಸಿಯೂ ಬಾಗಿಯೂ ದಡದ ಮೇಲೆ ನಡೆದು ದೋಣಿ ಎಣಿಸಿದರು. ಪಾಂಡುರಂಗನದು ಇತ್ತು, ಗುರಿಕಾರನದು ಇತ್ತು, ನಮ್ಮದು ಎಣ್ಣೆ ಮಿರುಗುತ್ತಾ ಬಿಸಿಲಲ್ಲಿತ್ತು. ಎಲ್ಲ ಸರಿಯಾಗಿತ್ತು. ಎರಡು ಸಲ ಎಣಿಸಿದರಂತೆ. ಬಲೆ ಚಪ್ಪರದ ಹಿಂದೆ ಹೋಗಿ ನೋಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ನಾನು ಎಣಿಸಿದ್ದರೂ ನನಗೆ ತೋಚುತ್ತಿರಲಿಲ್ಲ. ಬಾಗಿ ತಟ್ಟೆ ಹೂಳಿ, ಮೇಲಿನ ಮರಳನ್ನು ಅಂಗೈಯಲ್ಲಿ ತಟ್ಟಿ, ಸ್ವಲ್ಪ ಅತ್ತು, ಎದ್ದು ಬಂದಳು. ಅತ್ತದ್ದು ಒಳ್ಳೆಯದೇ ಆಯಿತು ಅಂತ ಶೇಸಿ ಅವಳಿಗೆ ಬೆಲ್ಲ ನೀರು ಕೊಟ್ಟಳು.

ನಾನು ಕಂಬ ಹೊತ್ತುಕೊಂಡು ಬರುವಾಗ ದಕ್ಕೆಯಲ್ಲಿ ಕೆಂಪು ಬಟ್ಟೆ ಹಾರುತ್ತಿತ್ತು. ನೀರು ಇಳಿಯತೊಡಗಿತ್ತು. ಜನ ಅಳಿವೆಯ ಕಡೆ ಕೈ ತೋರಿಸುತ್ತಿದ್ದರು. ಹೊರಗೆ ಒಂದು ದೋಣಿ, ಅದರಲ್ಲಿ ಒಬ್ಬ ನಿಂತು ಬಟ್ಟೆ ಬೀಸುತ್ತಿದ್ದ. ನಿಂತ ರೀತಿಯಲ್ಲೇ ನನ್ನ ಮಗ ಎಂದು ತಿಳಿಯಿತು.

ಬಲೆಯಲ್ಲಿ ತೊರಕೆ ಮೀನು ಬಂದು ಅದರ ಬಾಲದ ಮುಳ್ಳು ಕುಪ್ಪಯ್ಯನ ತೊಡೆಗೆ ನೆಟ್ಟಿತ್ತು. ಮುದುಕನಿಗೆ ರಕ್ತ ನಿಲ್ಲುತ್ತಿರಲಿಲ್ಲ. ಉಬ್ಬರದವರೆಗೆ ಹೊರಗೆ ಕಾಯುವ ಹಾಗಿರಲಿಲ್ಲ. ಕೆಂಪು ಬಟ್ಟೆ ಅಷ್ಟು ದೂರಕ್ಕೆ ಕಾಣುವುದೂ ಇಲ್ಲ. ಎಲ್ಲ ದೋಣಿ ಬರದೆ ತಟ್ಟೆ ಹೂಳುವುದಿಲ್ಲ, ಹಾದಿ ಇನ್ನೂ ಸೊಂಟದಷ್ಟಿದೆ ಎಂದೇ ಹೊನ್ನಪ್ಪ ತಿಳಿದಿದ್ದ.

ನಾನು ಚಿಕ್ಕ ದೋಣಿ ತಳ್ಳಿದೆ. ತಿರುಗಿ ನೋಡಿದಾಗ ಬಾಗಿ ಉಬ್ಬರದ ಗೆರೆಯ ಕಡೆ ಓಡುವುದು ಕಂಡಿತು. ಕೈಯಿಂದ ಮರಳು ಬಗೆಯುತ್ತಿದ್ದಳು. ತಟ್ಟೆ ತೆಗೆದಳು, ಒಳಗೋಡಿ ಅನ್ನ ತಂದು ಬಡಿಸಿದಳು, ಹೊಸಿಲಲ್ಲಿ ಇಟ್ಟುಕೊಂಡು ಕೂತಳು. "ಬನ್ನಿ, ಬನ್ನಿ" ಎಂದು ಜಟ್ಟಪ್ಪನನ್ನು ಕರೆಯುತ್ತಿದ್ದಳು. ಆದರೆ ಅವಳ ಕಣ್ಣು ಇದ್ದದ್ದು ಅಳಿವೆಯಲ್ಲಿ, ಹೊನ್ನಪ್ಪನ ಮೇಲೆ.

ಹಾದಿ ಕೆಳಗಿನಿಂದ ಮುಚ್ಚಿಕೊಳ್ಳುತ್ತಿತ್ತು. ನುಣ್ಣಗಿದ್ದ ನೀರಿನ ಪಟ್ಟಿ ನಾನು ನೋಡುತ್ತಿದ್ದ ಹಾಗೆಯೇ ಎರಡು ಕಡೆಯಿಂದ ಸುಕ್ಕುಗಟ್ಟಿ ಕಿರಿದಾಗುತ್ತಿತ್ತು. ಜಲ್ಲೆ ಊರಿದಲ್ಲೆಲ್ಲ ಮರಳು. ದೋಣಿಯ ತಳ ಉಜ್ಜಿದಾಗ ಇಳಿದು ತಳ್ಳಿದೆ, ತೇಲಿದಾಗ ಹತ್ತಿದೆ. ತಿರುವಿನ ಹತ್ತಿರ ಬಂದಾಗ ಅವನ ಮುಖ ಕಾಣುವಷ್ಟು ಹತ್ತಿರವಾಗಿದ್ದೆವು. ಹಳೆಯ ಎಡ ತಿರುವಿನಲ್ಲಿ ಆಗಲೇ ಬೆಳ್ಳಕ್ಕಿಗಳು ನಿಂತಿದ್ದವು. ಬಲಗಡೆ ಒಂದು ಕಡೆ ಮಾತ್ರ ನೀರು ಇನ್ನೂ ಕಪ್ಪಗಿತ್ತು, ದೋಣಿ ಅಗಲದಷ್ಟು.

"ಬಲಕ್ಕೆ," ಎಂದು ಕೂಗಿದೆ. "ಎಡ ಬೇಡ, ಬಲಕ್ಕೆ ತಿರುಗಿಸು."

ಅವನಿಗೆ ಕೇಳಿಸಿತೋ ಇಲ್ಲವೋ. ಈ ಹಾದಿ ಬಂದಾಗಿನಿಂದ ಅವನು ಆ ಜಾಗದಲ್ಲಿ ಎಡಕ್ಕೆ ತಿರುಗಿದವನು, ನಾನೇ ಕಲಿಸಿದ್ದು. ಎಡಕ್ಕೆ ಹಾಕಿದ. ದೋಣಿ ದಿಬ್ಬಕ್ಕೆ ಮೂತಿ ಕೊಟ್ಟು ನಿಂತಿತು. ಹಿಂದಿನಿಂದ ಬಂದ ತೆರೆ ಅದನ್ನು ಅಡ್ಡ ತಿರುಗಿಸಿತು. ಅವನು ನೀರಿಗೆ ಹಾರಿ, ಕುಪ್ಪಯ್ಯನನ್ನು ಎತ್ತಿ ನನ್ನ ದೋಣಿಯ ಅಂಚಿಗೆ ಕೊಟ್ಟ. ನಾನು ಮುದುಕನ ಎರಡೂ ತೋಳು ಹಿಡಿದು ಎಳೆದುಕೊಂಡೆ. "ಹಿಡಿದ್ರಾ ಅಪ್ಪಯ್ಯ?" ಎಂದು ಕೇಳಿದ. "ಹಿಡಿದೆ," ಅಂದೆ. ಮುಂದಿನ ತೆರೆಗೆ ಆ ಹಳೆಯ ದೋಣಿ ಮಗುಚಿ ಅವನ ಮೇಲೆ ಬಿತ್ತು. ತೆರೆ ಹಿಂದೆ ಹೋಗುವಾಗ ದೋಣಿಯನ್ನೂ ಅದರಡಿ ಇದ್ದದ್ದನ್ನೂ ಎಳೆದುಕೊಂಡು ಅಳಿವೆಯ ಹೊರಗೆ ಹೋಯಿತು.

ಉಬ್ಬರ ಬಂದಾಗ ಎಲ್ಲ ದೋಣಿಗಳೂ ಹೊರಟವು. ಪಾಂಡುರಂಗ ಎಲ್ಲರಿಗಿಂತ ಕೊನೆಯಲ್ಲಿ ವಾಪಸಾದ, ಕಣ್ಣು ಕೆಂಪಗಾಗಿತ್ತು. ಒಡೆದ ಹಲಗೆಗಳು ಸಿಕ್ಕವು. ಹೊನ್ನಪ್ಪ ಸಿಗಲಿಲ್ಲ. ಕುಪ್ಪಯ್ಯ ಉಳಿದ. ಈಗಲೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಪಾಪ, ಅವನದೇನು ತಪ್ಪು.

ಮರುದಿನ ಬೆಳಿಗ್ಗೆ ದಡಕ್ಕೆ ಹೋದೆ. ಹೆಂಗಸರು ಸಾಲಾಗಿ ನಿಂತು ಕೆಳಗೆ ನೋಡುತ್ತಿದ್ದರು. ಜಟ್ಟಪ್ಪನ ಹಾದಿ ಅಂಗಳದಷ್ಟು ಸಮವಾಗಿತ್ತು. ಅದರ ಪಕ್ಕದಲ್ಲಿ, ಬಾಗಿಯ ಮನೆಯ ಕೆಳಗಿನಿಂದ, ಇನ್ನೊಂದು ಹಾದಿ ಹೊರಟಿತ್ತು. ಅಗಲವಾಗಿ, ಕಪ್ಪಗೆ. ನಮ್ಮ ಮನೆಯ ಕೆಳಗಿನಿಂದ ಒಂದು ಚಿಕ್ಕದು ಬಂದು ಅದಕ್ಕೆ ಸೇರಿತ್ತು. ಶೇಸಿ ರಾತ್ರಿಯೇ ಹೊನ್ನಪ್ಪನ ತಟ್ಟೆ ಇಟ್ಟಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಕೆಲವು ದಿನ ಆ ಹಾದಿಯಲ್ಲಿ ಯಾರೂ ದೋಣಿ ಇಳಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪಾಂಡುರಂಗ ಬಂದು ನನ್ನ ಅಂಗಳದಲ್ಲಿ ನಿಂತ. ಒಳಗೆ ಶೇಸಿ ತಟಕ್ಕನೆ ತಲೆಯೆತ್ತಿದಳು. ಅವನು ನೆಲ ನೋಡುತ್ತಾ, "ದುಗ್ಗಣ್ಣ, ಒಣಮೀನು ಯಾರೂ ತಕ್ಕೊಳ್ತಾ ಇಲ್ಲ," ಅಂದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ನಾನು ಜಲ್ಲೆ ತೆಗೆದುಕೊಂಡೆ.

ಹಾದಿ ಹೊನ್ನಪ್ಪನ ನಡಿಗೆಯದೇ, ಸರಸರ ಹೋಗುತ್ತದೆ. ಬಲೆ ಚಪ್ಪರದ ಎದುರು ಮಾತ್ರ ಕಾರಣವಿಲ್ಲದೆ ಒಂದು ಕಡೆ ಅಗಲವಾಗಿ ನಿಂತು, ಆಮೇಲೆ ಮುಂದುವರಿಯುತ್ತದೆ. ಅಳಿವೆಯ ಹತ್ತಿರ ಬಲಕ್ಕೆ ತಿರುಗುತ್ತದೆ. ನಾನು ಬಲಕ್ಕೆ ಎಂದು ಕೂಗಿದ ಜಾಗದಲ್ಲಿಯೇ. ಅವನಿಗೆ ಕೇಳಿಸಿತ್ತು ಎಂದು ಹಾಗೆ ತಿಳಿಯಿತು.

ಬಾಗಿ ಈಗ ನಗುವುದಿಲ್ಲ. ತೊಟ್ಟ ಬಳೆ ತೆಗೆದಿಲ್ಲ, ಚಿಲಕ ಹಾಕಿಸಿಲ್ಲ. ನಾನು ಅವಳ ಅಂಗಳದ ಕೆಳಗಿನಿಂದ ದೋಣಿ ತಳ್ಳುವಾಗಲೆಲ್ಲ ಹೊರಗೆ ಬಂದು, "ಮಾವಯ್ಯ, ತಳ ಸಿಕ್ತಾ?" ಎಂದು ಕೇಳುತ್ತಾಳೆ. ಸಿಗಲಿಲ್ಲ ಅನ್ನುತ್ತೇನೆ. ಆಗ ಅವಳಿಗೆ ಸಮಾಧಾನ. ಅವಳ ವಯಸ್ಸಿಗೆ ಮುಂದೆ ಎಷ್ಟೊಂದು ಬದುಕು ಬಾಕಿ ಇದೆ. ಈ ಊರಿನಲ್ಲಿ ಜಲ್ಲೆ ಊರುವಾಗ ಇವತ್ತಾದರೂ ಮರಳು ತಾಗಲಿ ಎಂದು ಬಯಸುವವನು ನಾನೊಬ್ಬನೇ. ಹಾಗೆ ಬಯಸುತ್ತಾ ಹಿಂದೆ ಬರುವ ದೋಣಿಗಳಿಗೆ ದಾರಿ ತೋರಿಸುತ್ತೇನೆ. ಮರಳು ತಾಗುವುದಿಲ್ಲ.

ಊರಿಗೆ ಎಂಥ ಇಳಿತದಲ್ಲೂ ಪಾಂಡುರಂಗನ ದೋಣಿ ತುಂಬಿಕೊಂಡು ಬರುವಷ್ಟು ಆಳದ ಹಾದಿ ಸಿಕ್ಕಿತು, ಲಾರಿ ಒಂದು ದಿನವೂ ತಪ್ಪುತ್ತಿಲ್ಲ. ನನಗೆ ಇದ್ದ ಒಬ್ಬ ಮಗ ಹೋದ, ಬಾಗಿ ಇದ್ದಲ್ಲಿಗೇ ಮರಳಿದಳು.